ಮಾಯ್ದ ಮೇಲೂ ಬೆಳೆದ ನಾರು

"ಗುರುಗಳೇ, ಗಾಯ ಮಾಯುವುದೂ ಒಂದು ರೋಗವಾಗುತ್ತದೆಯೇ?" ಎಂದು ಪಾರವ್ವ ಕೇಳಿದಳು.

ಅವಳು ಆಸ್ಪತ್ರೆಯಿಂದ ನೇರವಾಗಿ ಮಠಕ್ಕೆ ಬಂದಿದ್ದಳು. ಹೊಟ್ಟೆಯ ಹಳೆಯ ಆಪರೇಷನ್ನಿನ ಜಾಗ ಗಂಟಿನಂತೆ ಗಟ್ಟಿಯಾಗಿತ್ತು. ಡಾಕ್ಟರು ಅದನ್ನು ಫೈಬ್ರೋಸಿಸ್ ಎಂದರು. ಮಾಯುವಾಗ ನಾರಿನಂಥ ಮಾಂಸ ಬೇಕಾದುದಕ್ಕಿಂತ ಹೆಚ್ಚು ಬೆಳೆದಿದೆ ಎಂದರು. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳುವಷ್ಟು ತ್ರಾಣವಿರಲಿಲ್ಲ. ಮನೆಗೆ ಮರಳಿದ ಮಗಳಿಗೆ ಯಾವ ಕೆಲಸವನ್ನೂ ಮುಟ್ಟಗೊಡದೆ ಎಲ್ಲವನ್ನೂ ತಾನೇ ಮಾಡಿ, ಈಚೆಗೆ ಅವಳಿಗೆ ಎಲ್ಲದಕ್ಕೂ ಸುಸ್ತು. ಕಂಬಕ್ಕೆ ಒರಗಿ ಕುಳಿತಳು.

ಗುರುಗಳು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಮಡಕೆ ಸುಡುವಾಗ ಕಾಲು ಜಾರಿ, ಕೆಂಡದ ಮೇಲೆ ಬಲಗೈ ಊರಿದ. ಅಂಗೈ ಸುಟ್ಟಿತು. ವೈದ್ಯ ಮುಲಾಮು ಕೊಟ್ಟು ಅವನ ಹೆಂಡತಿಗೆ, "ಚರ್ಮ ಕೂಡುತ್ತ ಬಂದ ಹಾಗೆ ದಿನವೂ ಬೆರಳು ಬಿಡಿಸಬೇಕು. ನೋವಾಗುತ್ತದೆ. ಆದರೂ ಬಿಡಬೇಡ" ಎಂದ.

ಬೆರಳು ಬಿಡಿಸಹೋದಾಗ ಕುಂಬಾರ ಚೀರಿದ. ಹೆಂಡತಿಗೆ ನೋಡಲಾಗಲಿಲ್ಲ. ನಾಳೆ ನೋಡೋಣ ಎಂದಳು. ಮರುದಿನವೂ ಹಾಗೆಯೇ ಆಯಿತು. ಕೊನೆಗೆ ಆ ಕೈಯನ್ನು ಬಟ್ಟೆಯಲ್ಲಿ ಸುತ್ತಿಟ್ಟುಬಿಟ್ಟಳು. ತುತ್ತು ಮಾಡಿ ಉಣಿಸಿದಳು, ಮೈಗೆ ನೀರು ಹಾಕಿದಳು, ಅವನನ್ನು ಮಡಕೆ ಮಾಡುವ ತಿಗರಿಯ ಹತ್ತಿರ ಸುಳಿಯಗೊಡಲಿಲ್ಲ. ಮನೆಯ ಕೆಲಸ ಮುಗಿಸಿ ಕೂಲಿಗೂ ಅವಳೇ ಹೋದಳು. ಮಲಗುವ ಹೊತ್ತಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಗಂಡ ಚೀರುತ್ತಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡಳು.

ಗಾಯ ಕೂಡಿತು. ಕೂಡಿದ ಮೇಲೂ ಒಳಗೆ ನಾರು ಬೆಳೆಯುವುದು ನಿಲ್ಲಲಿಲ್ಲ. ಅದು ಗಟ್ಟಿಯಾಗಿ ಬೆರಳುಗಳನ್ನು ಒಳಕ್ಕೆ ಎಳೆಯಿತು. ಬಟ್ಟೆ ಬಿಚ್ಚಿದಾಗ ಕೈ ಮುಷ್ಟಿಯಾಗಿತ್ತು.

ವೈದ್ಯ ಒತ್ತಿ ನೋಡಿದ. "ಗಾಯ ಮಾಯ್ದು ಬಹಳ ದಿನವಾಯಿತು. ಮಾಯಿಸುವ ಕೆಲಸ ಮಾತ್ರ ನಿಂತಿಲ್ಲ" ಎಂದ.

"ಅವರಿಗೆ ನೋವಾಗಬಾರದು ಅಂತ ಮಾಡಿದೆ" ಎಂದಳು ಹೆಂಡತಿ.

ಮನೆಗೆ ಬಂದು ಕುಂಬಾರ ತಿಗರಿ ತಿರುಗಿಸಿದ. ಮುಷ್ಟಿ ತಾಗಿದಲ್ಲೆಲ್ಲ ಮಣ್ಣು ಕುಸಿಯಿತು. ಸಂಜೆ ಹೆಂಡತಿ ತುತ್ತು ಎತ್ತಿದಾಗ ಅವನು ತಟ್ಟೆಯನ್ನೇ ತನ್ನತ್ತ ಎಳೆದುಕೊಂಡು ಎಡಗೈಯಲ್ಲಿ ಉಂಡ. ಅರ್ಧ ಅನ್ನ ನೆಲಕ್ಕೆ ಚೆಲ್ಲಿತು. ಅವಳು ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೂತಿದ್ದಳು.

ಗುರುಗಳು ಕಥೆ ಮುಗಿಸಿದರು. ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಅವಳದೇನು ತಪ್ಪು? ಅಷ್ಟು ಸುಟ್ಟ ಕೈಯನ್ನು ಹಿಡಿದು ಎಳೆಯಲು ಯಾರಿಗೆ ಮನಸ್ಸು ಬರುತ್ತದೆ?" ಎಂದಳು.

"ತಾಯಿ, ಗಂಡನನ್ನು ಕಳೆದುಕೊಂಡು ಬಂದ ನಿನ್ನ ಮಗಳು ಮತ್ತೆ ಶಾಲೆಗೆ ಪಾಠ ಹೇಳಲು ಹೋಗುತ್ತೇನೆ ಎಂದು ಎಷ್ಟು ವರ್ಷದಿಂದ ನಿನ್ನನ್ನು ಕೇಳುತ್ತಿದ್ದಾಳೆ?"

ಪಾರವ್ವ ವರ್ಷ ಎಣಿಸುತ್ತ ಒಂದೊಂದೇ ಬೆರಳು ಮಡಚಿದಳು. ಕೈ ಮುಷ್ಟಿಯಾಯಿತು.