ಒಬ್ಬನೇ ಕಡಲಿಗಿಳಿದ ಪಾತ್ರೆ ವ್ಯಾಪಾರಿ

"ಗುರುಗಳೇ, ಪೂರ್ಣ ಏಕಾಂತ ಬೇಕಾದವನು ಎಷ್ಟು ದೂರ ಹೋಗಬೇಕು?" ಎಂದು ನೀಲಕಂಠ ಕೇಳಿದ.

ಅವನು ಅಂದು ಬೆಟ್ಟದ ಗುಹೆಗೆ ಹೊರಟಿದ್ದ. ಮಳೆಗಾಲ ಮುಗಿಯುವವರೆಗೆ ಅಲ್ಲಿ ಒಬ್ಬನೇ ಮೌನವಾಗಿರಬೇಕೆಂಬುದು ಅವನ ಸಂಕಲ್ಪ. ಬಟ್ಟೆಯ ಗಂಟು ಬಗಲಲ್ಲಿತ್ತು. ಗುರುಗಳ ಅಪ್ಪಣೆಯೊಂದೇ ಬಾಕಿ. ಮಠದ ಹೊರಗೆ ಯಾರೋ ಮಾತಾಡುತ್ತಿದ್ದ ಸದ್ದು ಕೇಳುತ್ತಿತ್ತು. ಗುರುಗಳು ಒಮ್ಮೆ ಬಾಗಿಲ ಕಡೆ ನೋಡಿದರು. ಕೂತುಕೋ ಎಂದು ಕೈಯಲ್ಲೇ ತೋರಿಸಿ ಕತೆ ಹೇಳತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅಂಗಡಿಯಲ್ಲಿ ದಿನವಿಡೀ ಕೊಡ, ತಪ್ಪಲೆಗಳ ಸದ್ದು. ಮನೆಗೆ ಬಂದರೆ ಭಾವಮೈದನ ಮಾತು. ಅವನಿಗೆ ರೋಸಿಹೋಯಿತು. ದೂರದ ಒಂದು ದ್ವೀಪದಲ್ಲಿದ್ದ, ಕಡಲ ದಂಡೆಯ ರೆಸಾರ್ಟಿಗೆ ಹೋದ. ಅದು ಜನ ದುಡ್ಡು ಕೊಟ್ಟು ನೀರಿನಲ್ಲಿ ಮುಳುಗುವ ಜಾಗ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ, ಬಾಯಲ್ಲಿ ಕೊಳವೆ ಕಚ್ಚಿಕೊಳ್ಳುತ್ತಾರೆ, ಮೀನು ನೋಡಿ ಮೇಲೆ ಬರುತ್ತಾರೆ. ನಮ್ಮ ವ್ಯಾಪಾರಿ ಆ ವಿದ್ಯೆಯನ್ನು ಚೆನ್ನಾಗಿಯೇ ಕಲಿತ. ಅದರಲ್ಲಿ ಸುಳ್ಳಿಲ್ಲ.

ನೀರಿನೊಳಗೆ ಮಾತಿಲ್ಲ ಎಂಬುದೇ ಅವನಿಗೆ ಹಿಡಿಸಿತು. ಆದರೆ ಜೊತೆಗಾರನಿಲ್ಲದೆ ಯಾರೂ ಇಳಿಯಬಾರದು ಎಂಬುದು ಅಲ್ಲಿನ ಕಟ್ಟಳೆ. ಒಬ್ಬನಿಗೆ ತೊಂದರೆಯಾದರೆ ಇನ್ನೊಬ್ಬ ಇರಲಿ ಎಂದು. ಇವನಿಗೆ ಸಿಕ್ಕ ಜೊತೆಗಾರ ನೀರಿನಲ್ಲೂ ಕೈಸನ್ನೆ ಮಾಡಿ ಆ ಮೀನು ನೋಡು, ಈ ಮೀನು ನೋಡು ಎಂದು ಪ್ರಾಣ ತಿನ್ನುತ್ತಿದ್ದ. ಕೊನೆಗೆ ವ್ಯಾಪಾರಿ, ರಾತ್ರಿ ಹೊತ್ತು ದಡದಿಂದ ಒಬ್ಬನೇ ಇಳಿಯುವುದೆಂದು ನಿಶ್ಚಯಿಸಿದ.

ರಾತ್ರಿ ಇಳಿಯುವವರಿಗೆ ಒಂದು ಪದ್ಧತಿ ಇದೆ. ಇಳಿದ ಜಾಗದಲ್ಲೇ ದಡದ ಮೇಲೆ ಒಂದು ದೀಪ ಹಚ್ಚಿಟ್ಟು ಹೋಗಬೇಕು. ಆ ದಂಡೆಯ ತುಂಬ ಬಂಡೆಗಳು. ಬಂಡೆಗಳ ತುಂಬ, ಮೈಯೆಲ್ಲ ಮುಳ್ಳಿರುವ ಚೆಂಡಿನಂಥ ಕಡಲಜೀವಿಗಳು. ನಡುವೆ ಎತ್ತಿನ ಗಾಡಿಯಷ್ಟು ಅಗಲದ ಮರಳಿನ ದಾರಿ, ಅದೂ ಒಂದೇ. ನೀರಿನಿಂದ ತಲೆ ಎತ್ತಿದವನು ತನ್ನ ದೀಪ ನೋಡಿಕೊಂಡು ಆ ದಾರಿಗೆ ಬರಬೇಕು.

ಸಂಜೆ ವ್ಯಾಪಾರಿ ರೆಸಾರ್ಟಿನ ಕಾವಲುಗಾರನಿಗೆ, ನಾನು ರಾತ್ರಿ ಒಬ್ಬನೇ ಇಳಿಯುತ್ತೇನೆ, ಯಾರಿಗೂ ಹೇಳಬೇಡ ಎಂದ. ಇದು ತಪ್ಪಲ್ಲ. ಜೀವದ ವಿಷಯ, ಒಬ್ಬನಿಗಾದರೂ ತಿಳಿದಿರಬೇಕು. ಆಮೇಲೆ ಅಡುಗೆಯವನಿಗೂ ಹೇಳಿದ. ಊಟ ಬಿಸಿಯಾಗಿರಲಿ ಎಂಬುದು ನೆಪ. ಪಕ್ಕದ ಕೋಣೆಯ ದಂಪತಿಗೆ ಹೇಳಲು ನೆಪವೂ ಸಿಗಲಿಲ್ಲ, ಸುಮ್ಮನೆ ಹೇಳಿದ. ಕಾಫಿ ಕುಡಿಯುತ್ತ ಕೂತವರಿಗೆಲ್ಲ ಕಿವಿಯಲ್ಲಿ ಹೇಳಿದ. ಪ್ರತಿಯೊಬ್ಬರಿಗೂ, ಯಾರಿಗೂ ಹೇಳಬೇಡಿ ಎಂದು ಸೇರಿಸಿದ. ಅವರೂ ಪಾಪ, ಯಾರಿಗೂ ಹೇಳಲಿಲ್ಲ. ಹೇಳಲು ಯಾರೂ ಉಳಿದಿರಲಿಲ್ಲ.

ಕತ್ತಲಾಯಿತು. ದಡದಲ್ಲಿ ದೀಪ ಇಟ್ಟು, ಕೈಯಲ್ಲೊಂದು ಬ್ಯಾಟರಿ ಹಿಡಿದು ವ್ಯಾಪಾರಿ ಇಳಿದ. ಒಳಗೆ ಅವನು ಬಯಸಿದ್ದೆಲ್ಲ ಇತ್ತು. ಅಂಗಡಿ ಇಲ್ಲ, ಭಾವಮೈದ ಇಲ್ಲ, ತನ್ನ ಉಸಿರಿನ ಗುಳುಗುಳು ಮಾತ್ರ. ಸದ್ಯ, ಒಬ್ಬನೇ ಇದ್ದೇನೆ ಎಂದುಕೊಂಡ. ಮರುಕ್ಷಣವೇ, ಮೇಲೆ ಅವರೆಲ್ಲ ನನ್ನ ಬಗ್ಗೆ ಏನು ಹೇಳಿಕೊಳ್ಳುತ್ತಿರಬಹುದು ಎಂದುಕೊಂಡ. ಆಮೇಲೆ ಒಂದು ಮೀನನ್ನೂ ಅವನು ಸರಿಯಾಗಿ ನೋಡಲಿಲ್ಲ.

ಸಿಲಿಂಡರಿನ ಗಾಳಿ ಮುಗಿಯುತ್ತ ಬಂತು. ತಲೆ ಎತ್ತಿ ನೋಡಿದರೆ ದಡದ ಉದ್ದಕ್ಕೂ ದೀಪಾವಳಿ. ಒಬ್ಬನೇ ಇಳಿದವನನ್ನು ನೋಡಲು ಇಡೀ ರೆಸಾರ್ಟೇ ಬ್ಯಾಟರಿ ಹಿಡಿದು ಬಂದಿತ್ತು. ಅಷ್ಟು ಬೆಳಕಿನಲ್ಲಿ ತನ್ನ ದೀಪ ಯಾವುದೆಂದು ಅವನಿಗೆ ತಿಳಿಯಲಿಲ್ಲ. ಕೂಗಿದ್ದು ಅಲೆಗಳ ಸದ್ದಿನಲ್ಲಿ ದಡ ಮುಟ್ಟಲಿಲ್ಲ. ಹೊರಟುಹೋಗಿ ಎಂದು ತನ್ನ ಬ್ಯಾಟರಿಯನ್ನು ಆ ಕಡೆ ಈ ಕಡೆ ಬೀಸಿದ. ಅವರಿಗೆಲ್ಲ ಖುಷಿಯಾಗಿ ತಮ್ಮ ಬ್ಯಾಟರಿಗಳನ್ನೂ ಬೀಸಿದರು.

ಆಗ ವ್ಯಾಪಾರಿಗೆ ನಿಜವಾಗಿಯೂ ಜೀವಭಯವಾಯಿತು. ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಭಾವಮೈದನ ಮುಖವೂ ಬಂತು, ಅದೂ ಪ್ರೀತಿಯಿಂದಲೇ ಬಂತು. ಯಾವುದೋ ಒಂದು ಬೆಳಕನ್ನು ನಂಬಿ ಈಜಿದ. ಅದು ಅಡುಗೆಯವನ ಬ್ಯಾಟರಿ. ಚೆನ್ನಾಗಿ ಕಾಣಲಿ ಎಂದು ಅಡುಗೆಯವನು ಬಂಡೆ ಹತ್ತಿ ನಿಂತಿದ್ದ. ಅಲೆ ವ್ಯಾಪಾರಿಯನ್ನು ಎತ್ತಿ ತಂದು ಆ ಮುಳ್ಳುಗಳ ಮೇಲೆ ಕೂರಿಸಿತು.

ಎಲ್ಲರೂ ಸೇರಿ ಅವನನ್ನು ಎಳೆದು ತಂದರು. ಮರಳಿನ ಮೇಲೆ ಬೋರಲು ಮಲಗಿಸಿದರು. ಅಡುಗೆಯವನು ಮುಳ್ಳು ಕೀಳತೊಡಗಿದ. ಅಷ್ಟೂ ಬ್ಯಾಟರಿಗಳ ಬೆಳಕು ಈಗ ಒಂದೇ ಕಡೆ ಬಿದ್ದಿತ್ತು.

"ನಾನು ಒಬ್ಬನೇ ಇರ್ಬೇಕು ಅಂತ ಹೋದೋನು. ನೀವೆಲ್ಲ ಯಾಕ್ರಯ್ಯಾ ಬಂದ್ರಿ?" ಎಂದು ವ್ಯಾಪಾರಿ ನರಳಿದ.

"ನೀವು ಒಬ್ರೇ ಇರೋದನ್ನ ನೋಡೋಕೇ ಬಂದ್ವಿ ಸಾರ್. ಅಷ್ಟು ಪ್ರೀತಿಯಿಂದ ಹೇಳಿದ್ರಿ, ಬರದಿದ್ರೆ ನಿಮಗೆ ಬೇಜಾರಾಗುತ್ತೆ ಅಂತ," ಎಂದ ಅಡುಗೆಯವನು. "ಸ್ವಲ್ಪ ಅಲ್ಲಾಡದೆ ಮಲಗಿ."

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ನೀಲಕಂಠ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಎಂಥ ಮಂಕು, ಗುರುಗಳೇ," ಎಂದ. "ಏಕಾಂತಕ್ಕೆ ಹೋಗುವವನು ಹೀಗೆ ಊರಿಗೆಲ್ಲ ಡಂಗುರ ಸಾರುತ್ತಾನೆಯೇ?"

ಹೊರಗಿನ ಸದ್ದು ಈಗ ಹೆಚ್ಚಾಗಿತ್ತು. ಯಾರೋ ಡೋಲಿನ ಮೇಲೆ ಒಂದೆರಡು ಪೆಟ್ಟು ಹೊಡೆದು ಹದ ನೋಡಿದರು.

ಗುರುಗಳು ಬಾಗಿಲ ಕಡೆ ಕೈ ತೋರಿಸಿದರು. "ಹಾಗಾದರೆ ನಿನ್ನನ್ನು ಬೀಳ್ಕೊಡಲು ಬೆಳಗಿನಿಂದ ಹಾರ ಹಿಡಿದು ನಿಂತಿರುವ ಆ ಜನಕ್ಕೆ, ನೀನು ಗುಹೆಗೆ ಹೊರಟ ಸುದ್ದಿ ಮುಟ್ಟಿಸಿದವರು ಯಾರಪ್ಪ?"