ಹಳೇ ಜೀಪಿಗೆ ನಿಂಬೆಹಣ್ಣು

"ಓಡಿಸಿ ನೋಡೋದೆಲ್ಲ ಇಲ್ಲ. ಮೊದಲು ದುಡ್ಡು, ಆಮೇಲೆ ಕೀ!" ಎಂದ ಹಳೇ ಗಾಡಿ ಮಾರುವ ಚೆನ್ನಂಜಪ್ಪ. ಮೂರು ಲಕ್ಷ ಕಿಲೋಮೀಟರ್ ಓಡಿದ ಜೀಪಿನ ಬಾನೆಟ್ ತಟ್ಟಿ, "ನಾಲ್ಕು ಗಾಲೀನೂ ಎಳೀತವೆ. ಗೋಡೆ ತೋರಿಸು, ಹತ್ತುತ್ತೆ" ಎಂದು ಮೀಸೆ ತಿರುವಿದ.

ಸೂಲಗಿತ್ತಿ ಕೇತಮ್ಮನ ಗುಡ್ಡದೂರಿನಲ್ಲಿ ಬಸುರಿಯರನ್ನು ಇನ್ನೂ ಡೋಲಿ ಕಟ್ಟಿ ಆಸ್ಪತ್ರೆಗೆ ಇಳಿಸುತ್ತಿದ್ದರು. ಜೀಪು ಕೊಳ್ಳಲೆಂದು ಊರೆಲ್ಲ ಸೇರಿ ಕೊಟ್ಟ ದುಡ್ಡು ಅವಳ ಸೆರಗಿನ ಗಂಟಿನಲ್ಲಿತ್ತು.

"ಆಗಲಿ ಅಣ್ಣಾ. ಗಾಲಿಗೆ ನಿಂಬೆಹಣ್ಣು ಇಡೋದು ಮಾತ್ರ ನಮ್ಮೂರ ದೇವರ ಮುಂದೆ. ನೀವೇ ತಂದುಬಿಡಿ, ದುಡ್ಡು ಅಲ್ಲೇ ಕೊಡ್ತೀನಿ."

ಪೂಜೆ ಬೇಡ ಅನ್ನಲಾದೀತೇ? ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಚೆನ್ನಂಜಪ್ಪ ಹೊರಟ. ದಾರಿ ಅಂದರೆ ಬರೀ ಬಂಡೆ. ಜೀಪು ಕೆಮ್ಮಿತು, ನರಳಿತು, ಆನೆಯ ಹಾಗೆ ಹೆಜ್ಜೆ ಊರಿ ಊರಿ ಮೇಲೇರಿತು. ಊರಿಗೆ ಊರೇ ಬಾಯಿಬಿಟ್ಟು ನಿಂತಿತು. ಎಲ್ಲರಿಗಿಂತ ದೊಡ್ಡದಾಗಿ ಬಾಯಿಬಿಟ್ಟವನು ಚೆನ್ನಂಜಪ್ಪನೇ.

"ಅಬ್ಬಬ್ಬಾ! ಇದು ಹತ್ತುತ್ತೆ ಅಂತ ನನಗೇ ಗೊತ್ತಿರಲಿಲ್ಲ!" ಎಂದು ಜೀಪಿಗೆ ಕೈಮುಗಿದ. ಮರುಗಳಿಗೆಯಲ್ಲೇ, "ಇಂಥಾ ಗಾಡೀನ ಆ ರೇಟಿಗೆ ಕೊಡಲ್ಲ" ಎಂದ.

ಕೇತಮ್ಮ ನಿಂಬೆಹಣ್ಣು ಕೈಯಲ್ಲೇ ಹಿಡಿದುಕೊಂಡು ಮೆತ್ತಗೆ ಅಂದಳು: "ಬೇಡ ಬಿಡಣ್ಣಾ. ಹಾಗೇ ವಾಪಸ್ ಇಳಿಸಿಕೊಂಡು ಹೋಗಿ."

ಚೆನ್ನಂಜಪ್ಪ ಇಳಿಜಾರನ್ನು ಇಣುಕಿ ನೋಡಿದ. ಬ್ರೇಕಿನ ಹಣೆಬರಹ ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಕೀ ಅವಳ ಕೈಗಿಟ್ಟ.

"ಹಳೇ ರೇಟೇ ಇರಲಿ ತಾಯಿ. ಬ್ರೇಕ್ ರಿಪೇರಿ ನಂದೇ. ನಾನು ನಡ್ಕೊಂಡೇ ಹೋಗಿ ಮೆಕ್ಯಾನಿಕ್‌ನ ಕರ್ಕೊಂಡು ಬರ್ತೀನಿ!"