ಹೆಂಡತಿಯ ಅಣ್ಣ ಹಿಡಿದ ಹಗ್ಗ

"ಕೇಳ್ರಪ್ಪೋ ಕೇಳ್ರಿ! ದೊರೆಯ ತಂಗಿ ಹೊನ್ನಾಜಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆ ಎರೆದು ಕೊಡ್ತಾರೆ. ತಪ್ಪಿದವನಿಗೆ ಕತ್ತಿ!" ಎಂದು ಹುಲಿಗುಡ್ಡದ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು.

ಆ ಹುಡುಗಿಗೆ ಈ ಹಟ ಯಾಕೆ ಬಂತು ಅಂತ ಊರಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ ಅಷ್ಟೆ. ಆ ನಾಡಲ್ಲಿ ವರ್ಷಕ್ಕೊಂದು ಮೂಟೆ ರಾಗಿ ಅಳೆದು ವೈದ್ಯಮನೆಯಲ್ಲಿ ಹೆಸರು ಬರೆಸಿದವರಿಗೇ ಮದ್ದು. ಅವಳಿಗೆ ಗೊತ್ತು ಮಾಡಿದ್ದ ಗಂಡು, "ನನ್ನದು ಕಬ್ಬಿಣದ ಮೈ" ಅಂತ ಮೀಸೆ ತಿರುವಿಕೊಂಡು ಹೆಸರೇ ಬರೆಸಲಿಲ್ಲ. ಕುದುರೆಯಿಂದ ಬಿದ್ದ, ಯಾವ ವೈದ್ಯನೂ ಬಾಗಿಲು ತೆಗೆಯಲಿಲ್ಲ, ಹೋದ.

ಜೇನು ಕೀಳುವ ಬೊಳ್ಳನಿಗೆ ಮದುವೆಯ ಯೋಚನೆಯೇ ಇರಲಿಲ್ಲ. ಇಪ್ಪತ್ತು ತುಂಬಿತ್ತು, ಅಪ್ಪ ಅಳೆದ ರಾಗಿ ಇನ್ನು ಅವನಿಗೆ ನಡೆಯದು, ತನ್ನ ಹೆಸರು ತಾನೇ ಬರೆಸಬೇಕು. ಜೇನಿನ ಕಾಲ ಬಂತು, ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿಯಬೇಕು. ಇರುವ ಮೂರು ವೈದ್ಯಮನೆಗಳಲ್ಲಿ ಯಾವುದು ಒಳ್ಳೆಯದು ಅಂತ ವಿಚಾರಿಸಲು, ಮೂವರೂ ವೈದ್ಯರು ಸಭೆಗೆ ಬರುವ ಅರಮನೆಗೆ ಬಂದರೆ, ಕಾವಲಿನವನು ತಳ್ಳಿದ್ದು ಗಂಡುಗಳ ಸಾಲಿಗೆ!

"ಅಯ್ಯಾ, ನಾನು ಬಂದಿದ್ದು ವೈದ್ಯರ ವಿಚಾರಕ್ಕೆ..."

"ಸಾಲು ಬಿಟ್ಟರೂ ಕತ್ತಿನೇ. ತೆಪ್ಪಗೆ ನಿಂತ್ಕೊ."

ಮೊದಲು ಗರಡಿಯ ಜಟ್ಟಿ. ಹೊನ್ನಾಜಿ ಕೇಳಿದಳು: "ವರ್ಷ ವರ್ಷ ಕೊಡಬೇಕು. ಕೊಟ್ಟದ್ದೆಲ್ಲ ದಂಡವಾದರೆ ಹಬ್ಬ ಮಾಡಬೇಕು. ಏನದು?"

"ಅತ್ತೆಗೆ ಕೊಡೋ ಸೀರೆ!" ಅಂದ. ಎಳೆದುಕೊಂಡು ಹೋದರು.

ಆಮೇಲೆ ಜವಳಿ ಸಾಹುಕಾರನ ಮಗ. ಅವನಿಗೆ ಬೇರೆ ಒಗಟು: "ಬೇಡದವನಿಗೆ ತೆರೆದಿರುತ್ತೆ, ಬೇಕಾದವನಿಗೆ ಮುಚ್ಚಿರುತ್ತೆ. ಏನದು?"

"ನೆಂಟರ ಮನೆ." ಸಭೆಯೆಲ್ಲ ನಕ್ಕಿತು, ಸುಳ್ಳೇನಲ್ಲವಲ್ಲ! ಆದರೂ ಅವನೂ ಹೋದ.

ಬೊಳ್ಳನ ಸರದಿ ಬಂತು, ಅವನಿಗೂ ಮೊದಲು ಅದೇ ಎರಡು ಒಗಟು. "ಅಮ್ಮಣ್ಣೀ, ಮೊದಲನೇದು ವೈದ್ಯಮನೆಗೆ ಅಳೆಯೋ ರಾಗಿ. ದಂಡವಾದರೆ ಕಾಯಿಲೆ ಬರಲಿಲ್ಲ ಅಂತ, ಹಬ್ಬವೇ ಸೈ. ಎರಡನೇದು ಆ ಮನೆಯ ಬಾಗಿಲು. ಮೈ ಗಟ್ಟಿ ಇದ್ದಾಗ ಹೋದರೆ ಬರ್ಕೋತಾರೆ, ಬಿದ್ದ ಮೇಲೆ ಹೋದರೆ ಹೆಸರು ಬರ್ಕೊಳ್ಳಲ್ಲ. ಹಗ್ಗ ಕಟ್ಟೋದು ಬಂಡೆ ಇಳಿಯೋ ಮುಂಚೆ."

ಹೊನ್ನಾಜಿ ಮುಂದೆ ಬಾಗಿದಳು. "ಸರಿ. ಮೂರು ವೈದ್ಯಮನೆ. ಒಂದು ಕಡಿಮೆ ರಾಗಿ ಕೇಳುತ್ತೆ, ಒಂದು ಬೆಳ್ಳಿ ಮಂಚ ತೋರಿಸುತ್ತೆ, ಒಂದು ಎರಡೂ ಮಾಡಲ್ಲ. ಹೆಸರು ಬರೆಸೋ ಮುಂಚೆ ಕೇಳಬೇಕಾದ ಒಂದೇ ಪ್ರಶ್ನೆ ಯಾವುದು?"

ಬೊಳ್ಳ ತನ್ನ ಕಸುಬಿನ ಮಾತೇ ತೆಗೆದ. "ನಮ್ಮಲ್ಲಿ ಜೇನಿಗೆ ಇಳಿದರೆ, ಮೇಲೆ ಹಗ್ಗ ಹಿಡಿಯೋನು ಹೆಂಡತಿಯ ಅಣ್ಣ. ಇಳಿದವನು ಬಿದ್ದರೆ ಅವನ ತಂಗಿಯ ತಾಳಿ ಹೋಗುತ್ತೆ ನೋಡಿ, ಅದಕ್ಕೇ ಕೈ ಬಿಡಲ್ಲ. ಹಗ್ಗದ ದಪ್ಪ ಆಮೇಲಿನ ಮಾತು. ಹಾಗಾಗಿ ವೈದ್ಯರನ್ನ ಕೇಳಬೇಕಾದ್ದು: ನಿಮ್ಮ ಹೆಂಡತಿ ಮಕ್ಕಳ ಹೆಸರು ಯಾವ ಮನೇಲಿ ಬರೆಸಿದೀರಿ?"

ಸಭೆಯಲ್ಲೇ ಕೂತಿದ್ದ ಮೂವರು ವೈದ್ಯರಲ್ಲಿ ಇಬ್ಬರ ಮುಖ ಹುಳ್ಳಗಾಯಿತು. ದೊರೆ ಗದರಿಸಿ ಕೇಳಿದರೆ ಹೊರಬಿತ್ತು ಗುಟ್ಟು: ಕಡಿಮೆ ರಾಗಿಯವನ ಸಂಸಾರ, ಬೆಳ್ಳಿ ಮಂಚದವನ ಸಂಸಾರ, ಎರಡೂ ಕದ್ದುಮುಚ್ಚಿ ಮೂರನೇ ಮನೆಯಲ್ಲಿ ಹೆಸರು ಬರೆಸಿದ್ದವು!

ಬೊಳ್ಳ ಆ ಮೂರನೇ ಮನೆಯಲ್ಲೇ ಹೆಸರು ಬರೆಸಿದ. ಹೊನ್ನಾಜಿಯ ಕೊರಳಿಗೆ ತಾಳಿಯನ್ನೂ ಕಟ್ಟಿದ.

ಮದುವೆಯಾದರೂ ಅವನು ಕಸುಬು ಬಿಡಲಿಲ್ಲ. ಜೇನಿಗೆ ಇಳಿದ ದಿನ ಬಂಡೆಯ ಮೇಲೆ ಹಗ್ಗ ಹಿಡಿದು ಬೆವರುತ್ತ ನಿಂತವನು ಯಾರು? ಸಾಕ್ಷಾತ್ ದೊರೆ!

"ಅಣ್ಣಾ, ಕೈ ಸಡಿಲ ಬಿಟ್ಟೀಯೆ! ಆಮೇಲೆ ಸಾಯೋತನಕ ನಿನ್ನ ಮನೇಲೇ ಇರ್ತೀನಿ, ನೋಡ್ಕೊ!" ಎಂದಳು ಹೊನ್ನಾಜಿ.

ದೊರೆ ಹಗ್ಗವನ್ನು ಸೊಂಟಕ್ಕೆ ಇನ್ನೂ ಎರಡು ಸುತ್ತು ಬಿಗಿದುಕೊಂಡನಂತೆ.